ಕಪ್ಪಿನ ಮೇಲೆ ಹಳದಿ

ನಗರದ ಬಸ್ ಕಂಪನಿಯ ದೂರು ವಿಭಾಗ ಡಿಪೋದ ಎರಡನೇ ಮಹಡಿಯಲ್ಲಿತ್ತು. ಕಿಟಕಿ ತೆಗೆದರೆ ಡೀಸೆಲ್ ವಾಸನೆ, ಮುಚ್ಚಿದರೆ ಸೆಕೆ. ಹಾಗಾಗಿ ಅದು ಯಾವಾಗಲೂ ಅರ್ಧ ತೆರೆದೇ ಇರುತ್ತಿತ್ತು. ಆ ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತು, ಪ್ರಯಾಣಿಕರು ಬರೆದ ದೂರುಗಳನ್ನು ಓದಿ, ಸಂಬಂಧಪಟ್ಟವರಿಗೆ ಕಳಿಸಿ, ಬರೆದವರಿಗೆ ಉತ್ತರ ಕೊಡುತ್ತಿದ್ದ ಹೆಂಗಸನ್ನು ಇಡೀ ಡಿಪೋ ದೂರಕ್ಕ ಎಂದು ಕರೆಯುತ್ತಿತ್ತು. ದೂರು ಓದುವ ಅಕ್ಕ, ದೂರಕ್ಕ. "ಮೂಗಿನ ಮುಂದೇನೇ ಕೂತಿದ್ದೀನಿ, ನನ್ನನ್ನ ದೂರಕ್ಕ ಅಂತೀರಲ್ಲ" ಎಂದು ಅವಳೇ ನಗುತ್ತಿದ್ದಳು.

ಯಾವುದನ್ನೂ ಬಂದ ಹಾಗೇ ಇಟ್ಟುಕೊಳ್ಳುವ ಜಾಯಮಾನ ಅವಳದಲ್ಲ. ಹೊಸ ಕುರ್ಚಿ ಬಂದರೆ ಮೊದಲು ಅದರ ಎತ್ತರ ಸರಿಮಾಡಬೇಕು. ಮನೆಯಲ್ಲಿ ಚಮಚದ ಖಾನೆ ಬಲಗಡೆಗೆ ಹೋಗಬೇಕು, ಬಾಗಿಲ ಚಿಲಕ ಒಂದು ಗೇಣು ಕೆಳಗಿಳಿಯಬೇಕು. ಕಚೇರಿಯ ಕಂಪ್ಯೂಟರಿಗೆ ಮೊದಲ ಸಲ ಇಮೇಲ್ ಬಂದಾಗಲೂ ಅಷ್ಟೇ. ಉಳಿದವರು ಬಂದ ಮೇಲ್‌ಗಳನ್ನು ಒಂದೇ ರಾಶಿಯಲ್ಲಿ ಬಿಟ್ಟುಕೊಂಡು ಒದ್ದಾಡುತ್ತಿದ್ದರೆ, ಅವಳು ಸೆಟ್ಟಿಂಗ್ಸ್ ಪುಟ ತೆರೆದು ಒಂದೊಂದೇ ಗುಂಡಿ ಒತ್ತಿ ನೋಡುತ್ತ ಹೋದಳು. ಮೇಲ್‌ನಲ್ಲಿ ಕೊಡೆ, ಚೀಲ, ಕನ್ನಡಕ ಎಂಬ ಪದಗಳಿದ್ದರೆ ಅದು ತಾನಾಗಿ ಕಳೆದ ವಸ್ತುಗಳ ಫೋಲ್ಡರಿಗೆ ಹೋಗುತ್ತಿತ್ತು. ಬಸ್ ತಡವಾದ ದೂರಿಗೆ ನೀಲಿ ಗುರುತು, ಸಿಬ್ಬಂದಿಯ ನಡತೆಯ ದೂರಿಗೆ ಕೆಂಪು. ಅತಿ ಹೆಚ್ಚು ಬೇಕಾಗುವ ಉತ್ತರಗಳನ್ನು ಮೊದಲೇ ಬರೆದಿಟ್ಟು, ಎರಡು ಅಕ್ಷರ ಒತ್ತಿದರೆ ಪೂರ್ತಿ ಬಂದು ಕೂರುವಂತೆ ಮಾಡಿಕೊಂಡಿದ್ದಳು.

ಪಕ್ಕದ ಮೇಜಿನವನಿಗೆ ಈ ತಾಪತ್ರಯವೇ ಇರಲಿಲ್ಲ. ಅವನು ಬಂದ ಮೇಲ್ ಅನ್ನು ಅರ್ಧ ಓದಿ ಯಾರಿಗಾದರೂ ದಾಟಿಸಿಬಿಡುತ್ತಿದ್ದ. ಅದಕ್ಕೇ ಅವನಿಗೆ ಫಾರ್ವರ್ಡಣ್ಣ ಎಂಬ ಹೆಸರು.

ದೂರಕ್ಕನಿಗೆ ನಲವತ್ತು ದಾಟಿದ ಮೇಲೆ, ಒಂದು ದಿನ ಬಸ್ಸಿನ ನಂಬರು ಓದುವಾಗ ಎಂಟು ಮೂರಾಗಿ ಕಂಡಿತು. ಕನ್ನಡಕ ಒರೆಸಿಕೊಂಡಳು. ಆದರೂ ಮೂರೇ. ತಲೆ ಸ್ವಲ್ಪ ಓರೆ ಮಾಡಿದರೆ ಮಾತ್ರ ಎಂಟು. ಕೆಲವು ತಿಂಗಳಲ್ಲಿ ಎದುರಿಗೆ ಕೂತವರ ಮುಖದ ನಡುವೆ ಯಾರೋ ಬೆರಳಿಂದ ಉಜ್ಜಿದಂತೆ ಕಾಣತೊಡಗಿತು. ಕಿವಿ ಕಾಣುತ್ತಿತ್ತು, ಕೂದಲು ಕಾಣುತ್ತಿತ್ತು, ಮೂಗು ಕಾಣುತ್ತಿರಲಿಲ್ಲ.

ಕಣ್ಣಿನ ಡಾಕ್ಟರು ಸುತ್ತಿ ಬಳಸಿ ಮಾತಾಡಲಿಲ್ಲ. ಕಣ್ಣಿನ ಹಿಂದಿನ ಪರದೆಯ ನಡುಭಾಗ ಸವೆಯುತ್ತಿದೆ, ಕನ್ನಡಕದಿಂದ ಸರಿಹೋಗುವುದಿಲ್ಲ, ಪೂರ್ತಿ ಕತ್ತಲಾಗುವುದೂ ಇಲ್ಲ, ಅಂಚಿನ ನೋಟ ಉಳಿಯುತ್ತದೆ, ಓದುವುದು ಮಾತ್ರ ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತದೆ ಎಂದರು. ದೂರಕ್ಕ ತಲೆಯಾಡಿಸಿ ಎದ್ದು ಬಂದಳು. ಮೆಟ್ಟಿಲ ಬಳಿ ಗಂಡ ಕೈ ಹಿಡಿಯಲು ಬಂದಾಗ, "ಮೆಟ್ಲು ಕಾಣತ್ತೆ, ಬಿಡಿ" ಎಂದಳು. ಗಂಡ ಲಿಫ್ಟ್ ರಿಪೇರಿಯವನು, ಮಾತು ಕಡಿಮೆ. ಕೈ ಬಿಡಲಿಲ್ಲ.

ವಿಷಯ ಮನೆಯಲ್ಲಿ ಗಂಡನಿಗೆ ಮತ್ತು ಮಾವನಿಗೆ ಗೊತ್ತಾಯಿತು. ಕಚೇರಿಯಲ್ಲಿ ಹೇಳಲು ಅವಳಿಗೆ ಧೈರ್ಯ ಬರಲಿಲ್ಲ. ಹಿಂದೆ ಒಬ್ಬ ಹಿರಿಯ ಚಾಲಕನ ಕಣ್ಣು ಮಂದವಾದಾಗ ಅವನನ್ನು ಬಿಡಿಭಾಗಗಳ ಗೋದಾಮಿಗೆ ಹಾಕಿದ್ದರು. ಬಸ್ಸು ಓಡಿಸಲಾಗದವನನ್ನು ಬೇರೆಲ್ಲಿ ಹಾಕಬೇಕಿತ್ತು ಎಂದರೆ ಉತ್ತರವಿಲ್ಲ, ಸರಿಯೇ. ಆದರೆ ಸದಾ ನಗಿಸುತ್ತಿದ್ದ ಆ ಮನುಷ್ಯ ಗೋದಾಮಿನ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು, ಯಾರು ಬಂದರೂ ಧ್ವನಿಯಿಂದ ಗುರುತು ಹಿಡಿದು "ಒಂದು ನಿಮಿಷ ನಿಂತು ಹೋಗಪ್ಪಾ" ಎಂದು ಕರೆಯುತ್ತಿದ್ದುದನ್ನು ಅವಳು ಮರೆತಿರಲಿಲ್ಲ. ಯಾರೂ ನಿಲ್ಲುತ್ತಿರಲಿಲ್ಲ. ಅವಳೂ ಎಷ್ಟೋ ಸಲ ನಿಂತಿರಲಿಲ್ಲ.

ಮಾವ ರೇಡಿಯೋ ರಿಪೇರಿ ಮಾಡಿ ಮಾಡಿ ಮುದುಕರಾದವರು. ಯಾವ ವಸ್ತುವಿಗಾದರೂ ತಿರುಪು ಕಂಡರೆ ತಿರುಗಿಸದೆ ಬಿಟ್ಟವರಲ್ಲ. ಸೊಸೆಯ ಸುದ್ದಿ ಕೇಳಿದ ಮೇಲೆ ಬಂದ ಭಾನುವಾರ ಮನೆಯ ಹಳೇ ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದರು.

"ಬಾಮ್ಮಾ ಇಲ್ಲಿ. ಅಕ್ಷರ ನಿನ್ನ ಹತ್ರ ಬರಲ್ಲ ಅಂದ್ರೆ ನಾವೇ ಅದನ್ನ ಎಳ್ಕೊಂಡು ಬರೋಣ. ಸ್ಟೇಷನ್ ಹಿಡಿಯೋ ಹಾಗೆ. ನೀನು ಹೇಳ್ತಾ ಹೋಗು, ನಾನು ತಿರುಗಿಸ್ತೀನಿ."

ಆ ಭಾನುವಾರವಿಡೀ ಇಬ್ಬರೂ ಅಲ್ಲೇ ಕೂತರು. ಬ್ರೌಸರಿನಲ್ಲಿ ಅಕ್ಷರದ ಗಾತ್ರ ಹಿಗ್ಗಿಸಿದರು. ಯಾವ ಪುಟ ತೆರೆದರೂ ಇದಕ್ಕಿಂತ ಸಣ್ಣ ಅಕ್ಷರ ಬರಕೂಡದು ಎಂದು ಕಟ್ಟು ಹಾಕುವ ಜಾಗವೊಂದು ಸಿಕ್ಕಿತು. ಮಾವ "ಅದಪ್ಪಾ ಮಾತು!" ಎಂದು ತೊಡೆ ತಟ್ಟಿದರು. ಬಿಳಿ ಹಿನ್ನೆಲೆ ಕಣ್ಣಿಗೆ ಚುಚ್ಚುತ್ತದೆ ಎಂದು ಅವಳು ಹೇಳಿದ್ದಕ್ಕೆ ಅದನ್ನು ಕಪ್ಪು ಮಾಡಿದರು. ಆದರೆ ಅಕ್ಷರದ ಬಣ್ಣ ಬದಲಿಸುವುದು ಮರೆತುಹೋಗಿ ಕಪ್ಪಿನ ಮೇಲೆ ಕಪ್ಪಾಗಿ ಕೂತಿತು. ಪರದೆಯಲ್ಲಿ ಏನೇನೂ ಇಲ್ಲ. ವಾಪಸು ಬದಲಿಸೋಣವೆಂದರೆ ಆ ಗುಂಡಿಯೂ ಅದೇ ಕಪ್ಪಿನೊಳಗೆ ಮುಳುಗಿದೆ.

"ನಿಂಗೆ ಕಾಣ್ತಾ ಇದ್ಯಾ?" ಮಾವ ಕೇಳಿದರು.

"ಇಲ್ಲ ಮಾವ. ನಿಮಗೆ?"

"ನಂಗೂ ಇಲ್ಲ. ಈಗ ನಾವಿಬ್ರೂ ಒಂದೇ."

ಇಬ್ಬರೂ ನಗಲು ಶುರುಮಾಡಿದವರು ನಿಲ್ಲಿಸಲಿಲ್ಲ. ಅಷ್ಟರಲ್ಲಿ ಬಂದ ಗಂಡ ಕಪ್ಪು ಪರದೆಯ ಮುಂದೆ ಕಣ್ಣಲ್ಲಿ ನೀರು ತುಂಬಿಕೊಂಡು ನಗುತ್ತಿದ್ದ ಅಪ್ಪ ಮತ್ತು ಹೆಂಡತಿಯನ್ನು ನೋಡಿ, "ಕರೆಂಟ್ ಹೋಯ್ತಾ?" ಎಂದ. ಆ ಸುದ್ದಿ ತಿಳಿದ ದಿನದಿಂದ ಆ ಮನೆಯಲ್ಲಿ ಯಾರಾದರೂ ಹಾಗೆ ನಕ್ಕದ್ದು ಅದೇ ಮೊದಲು.

ಕೊನೆಗೆ ಹಳದಿ ಒಪ್ಪಿತು. ಕಪ್ಪಿನ ಮೇಲೆ ದಪ್ಪನೆಯ ಹಳದಿ ಅಕ್ಷರ, ಹೆಬ್ಬೆರಳಿನಷ್ಟು ದೊಡ್ಡ ಮೌಸ್ ಬಾಣ, ಚಿತ್ರಗಳು ತಾವಾಗಿ ತೆರೆದುಕೊಳ್ಳದಂತೆ ತಡೆ. ಮಾರನೇ ದಿನ ಇದನ್ನೆಲ್ಲ ಅವಳು ಕಚೇರಿಯ ಕಂಪ್ಯೂಟರಿಗೂ ಹೊಂದಿಸಿದಳು. ಬಗೆಬಗೆಯ ಮೇಲ್‌ಗೆ ಬಗೆಬಗೆಯ ಸದ್ದನ್ನೂ ಇಟ್ಟಳು. ಕಳೆದ ವಸ್ತುವಿಗೆ ಗಂಟೆ, ತಡವಾದ ಬಸ್ಸಿಗೆ ಹಕ್ಕಿಯ ಕೂಗು, ನಡತೆಯ ದೂರಿಗೆ ಕದ ತಟ್ಟಿದ ಸದ್ದು.

"ಏನಕ್ಕಾ, ಆಟೋ ಹಿಂದೆ ಬರೆಸಿದ ಹಾಗಿದೆ ನಿನ್ನ ಸ್ಕ್ರೀನು" ಎಂದ ಫಾರ್ವರ್ಡಣ್ಣ.

"ಬಿಳಿ ಬೆಳಕಿಗೆ ತಲೆನೋವು ಬರತ್ತೆ ಕಣೋ" ಎಂದಳು. ಅದು ಸುಳ್ಳಾಗಿರಲಿಲ್ಲ. ಪೂರ್ತಿ ನಿಜವೂ ಆಗಿರಲಿಲ್ಲ.

ಹೀಗೇ ಒಂದೆರಡು ವರ್ಷ ನಡೆಯಿತು. ಅವಳ ಕೆಲಸದಲ್ಲಿ ಯಾರೂ ತಪ್ಪು ಹುಡುಕುವ ಹಾಗಿರಲಿಲ್ಲ. ಕಣ್ಣು ಒಂದಿಷ್ಟು ಕೆಟ್ಟಾಗಲೆಲ್ಲ ಅಕ್ಷರ ಒಂದು ಮೆಟ್ಟಿಲು ದೊಡ್ಡದಾಗುತ್ತಿತ್ತು. ಒಂದು ಪರದೆಗೆ ಹಿಡಿಸುತ್ತಿದ್ದ ಮೇಲ್ ನಾಲ್ಕು ಪರದೆಯಾಯಿತು. ಓದುವುದು ನಿಧಾನವಾಯಿತೆಂದು ಊಟದ ವಿರಾಮ ಮೊಟಕು ಮಾಡಿಕೊಂಡಳು.

ಆಮೇಲೆ ಕಂಪನಿ ಎಲ್ಲ ಕಂಪ್ಯೂಟರುಗಳನ್ನೂ ಬದಲಾಯಿಸಿತು. ಒಂದು ಸೋಮವಾರ ಬಂದು ಕೂತಾಗ ಹಳೆಯ ಇಮೇಲ್ ಪ್ರೋಗ್ರಾಮೇ ಇರಲಿಲ್ಲ. ಇನ್ನು ಮುಂದೆ ಮೇಲ್ ಬ್ರೌಸರಿನೊಳಗೇ ತೆರೆದುಕೊಳ್ಳುತ್ತದೆ, ಎಲ್ಲರ ಪರದೆಯೂ ಒಂದೇ ತೆರನಾಗಿರುತ್ತದೆ ಎಂದು ಸುತ್ತೋಲೆ ಬಂದಿತ್ತು. ಸುಣ್ಣ ಬಳಿದ ಗೋಡೆಯಂಥ ಬಿಳುಪು. ಅದರ ಮೇಲೆ ತೆಳ್ಳಗಿನ ಬೂದು ಅಕ್ಷರ. ಫೋಲ್ಡರಿಲ್ಲ, ಬಣ್ಣವಿಲ್ಲ, ಸದ್ದಿಲ್ಲ.

ಅವಳು ಸೆಟ್ಟಿಂಗ್ಸ್ ಹುಡುಕಿದಳು. ಮೂಗು ಪರದೆಗೆ ತಾಗುವಷ್ಟು ಬಗ್ಗಿ, ಓರೆಗಣ್ಣಿನಲ್ಲಿ ಓದಿದಾಗ ಒಂದು ಸಾಲು ಸಿಕ್ಕಿತು. ಈ ಆಯ್ಕೆಯನ್ನು ನಿಮ್ಮ ಸಂಸ್ಥೆ ನಿರ್ಬಂಧಿಸಿದೆ.

ಕಂಪ್ಯೂಟರ್ ವಿಭಾಗದವನನ್ನು ಫೋನಿನಲ್ಲಿ ಹಿಡಿದಳು. "ಅಕ್ಷರ ಸ್ವಲ್ಪ ದೊಡ್ಡದು ಮಾಡ್ಕೋಬೇಕಿತ್ತು."

"ಎಲ್ಲ ಲಾಕ್ ಮಾಡಿದೀವಿ ಮೇಡಂ. ಒಬ್ಬೊಬ್ರೂ ಒಂದೊಂದು ತರ ಮಾಡ್ಕೊಂಡು ಕೆಡಿಸ್ತಾರೆ, ಆಮೇಲೆ ನಮ್ಮ ತಲೆ ತಿಂತಾರೆ. ಏನಾದ್ರೂ ವಿಶೇಷ ಕಾರಣ ಇದ್ಯಾ?"

ಹೇಳಬೇಕಾದ ಹೊತ್ತು ಅದೇ ಆಗಿತ್ತು. ಅವಳು, "ಇಲ್ಲ, ಸುಮ್ನೆ ಕೇಳ್ದೆ" ಎಂದು ಫೋನ್ ಇಟ್ಟಳು.

ಆ ವಾರವನ್ನು ಅಂದಾಜಿನಲ್ಲಿ ದೂಡಿದಳು. ಮೇಲ್‌ಗಳನ್ನು ಮುದ್ರಿಸಿಕೊಂಡು ಭೂತಗನ್ನಡಿ ಹಿಡಿದು ಓದಿದಳು. ಕಳಿಸುವಾಗ ವಿಳಾಸದ ಮೊದಲೆರಡು ಅಕ್ಷರ ಹೊಡೆದರೆ ಉಳಿದದ್ದನ್ನು ಬ್ರೌಸರೇ ತುಂಬುತ್ತಿತ್ತು. ತುಂಬಿದ್ದು ಸರಿಯಿದೆಯೇ ಎಂದು ನೋಡುವುದು ಅವಳಿಂದ ಆಗುತ್ತಿರಲಿಲ್ಲ. ಸರಿಯಾಗಿಯೇ ಇರುತ್ತದೆ ಎಂದುಕೊಂಡು ಕಳಿಸುತ್ತಿದ್ದಳು.

ಆ ದಿನಗಳಲ್ಲೇ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳು ಒಂದು ದೂರು ಬರೆದಳು. ಸಂಜೆ ಪಾಳಿ ಮುಗಿಸಿ ಬರುವ ಹೆಂಗಸರು ಆಸ್ಪತ್ರೆಯ ನಿಲ್ದಾಣದಲ್ಲಿ ಕಾಯುತ್ತಾರೆ, ಒಬ್ಬ ಚಾಲಕ ಬೇಕೆಂದೇ ಅಲ್ಲಿ ನಿಲ್ಲಿಸದೆ ಹೋಗುತ್ತಾನೆ, ಕೈ ಅಡ್ಡ ಹಾಕಿದರೆ ಹಾರನ್ ಹೊಡೆದು ನಗುತ್ತಾನೆ ಎಂದಿತ್ತು. ಕೊನೆಯಲ್ಲಿ, ದಯವಿಟ್ಟು ನನ್ನ ಹೆಸರು ಅವನಿಗೆ ತಿಳಿಯಬಾರದು, ದಿನಾ ಅದೇ ಬಸ್ಸಿನಲ್ಲಿ ಓಡಾಡುವವಳು ನಾನು ಎಂದು ಬರೆದಿದ್ದಳು.

ದೂರಕ್ಕ ಅದನ್ನು ಭೂತಗನ್ನಡಿಯಲ್ಲಿ ಎರಡು ಸಲ ಓದಿದಳು. ವಿಚಾರಣೆ ವಿಭಾಗಕ್ಕೆ ಕಳಿಸಲು ಮೊದಲೆರಡು ಅಕ್ಷರ ಹೊಡೆದಳು. ಬ್ರೌಸರು ತುಂಬಿದ್ದು ವಿಚಾರಣೆ ವಿಭಾಗದ ವಿಳಾಸವನ್ನಲ್ಲ. ಅದೇ ಅಕ್ಷರಗಳಿಂದ ಶುರುವಾಗುವ, ಆ ಮಾರ್ಗದ ಚಾಲಕರು ಮತ್ತು ಕಂಡಕ್ಟರುಗಳಿಗೆಲ್ಲ ಒಟ್ಟಿಗೆ ಹೋಗುವ ವಿಳಾಸವನ್ನು. ಅವಳು ಕಳಿಸುವ ಗುಂಡಿ ಒತ್ತಿದಳು.

ಎರಡು ದಿನದ ಮೇಲೆ ಆ ಹೆಂಗಸು ನೇರವಾಗಿ ಕಚೇರಿಗೇ ಬಂದಳು. ಗಟ್ಟಿಮುಟ್ಟಾದ ಮೈಕಟ್ಟು, ಸೋಪಿನ ನೀರಿಗೆ ಬೆಳ್ಳಗಾದ ಬೆರಳುಗಳು. ವಿಭಾಗದ ಮುಖ್ಯಸ್ಥೆಯ ಮೇಜಿನ ಮುಂದೆ ನಿಂತು, ಕುರ್ಚಿ ತೋರಿಸಿದರೂ ಕೂರದೆ ಹೇಳಿದಳು.

"ನಿನ್ನೆ ಕೆಲಸಕ್ಕೆ ಹೋಗೋವಾಗ ನಾನು ಹತ್ತಿದ ಮೇಲೆ ಅವನು ಬಸ್ ಬಿಡ್ಲೇ ಇಲ್ಲ. ಎದ್ದು ಬಂದು, ನನ್ನ ಹೆಸರು ಹಿಡಿದು ಕರೆದು, ನಾನು ಬರೆದಿದ್ದನ್ನ ಮೊಬೈಲಲ್ಲಿ ಎಲ್ಲರಿಗೂ ಓದಿ ಹೇಳ್ದ. 'ಮಹಾರಾಣಿಗೆ ಬಸ್ ಸರಿಯಾಗಿ ನಿಲ್ಲಿಸ್ಬೇಕಂತೆ' ಅಂದ. ಜನ ನಕ್ಕರು. ಹೆಸರು ಹೇಳ್ಬೇಡಿ ಅಂತ ಬರ್ದಿದ್ದೆ ನಾನು. ಅಷ್ಟೇ ಕೇಳಿದ್ದು."

ಮುಖ್ಯಸ್ಥೆ ದೂರಕ್ಕನಿಗಿಂತ ಚಿಕ್ಕವಳು, ಕೋಪ ಬಂದರೆ ಧ್ವನಿ ತಗ್ಗಿಸುವವಳು. "ಈ ಮೇಲ್ ನೋಡಿದ್ದು ಯಾರು?" ಎಂದು ತೀರ ಮೆಲ್ಲಗೆ ಕೇಳಿದಳು.

ಫಾರ್ವರ್ಡಣ್ಣ ಕುರ್ಚಿ ಸಮೇತ ಹಿಂದಕ್ಕೆ ಸರಿದು ದೂರಕ್ಕನ ಕಿವಿಯ ಹತ್ತಿರ ಬಂದ. "ಹೊಸ ಸಿಸ್ಟಮ್ ತಾನಾಗಿ ಕಳಿಸ್ಬಿಡ್ತು ಅಂತ ಹೇಳಕ್ಕಾ. ಎಲ್ಲರೂ ಅದನ್ನ ಬೈತಾನೇ ಇದಾರೆ. ಯಾರೂ ಕೇಳಲ್ಲ."

ಅವನು ಕೆಟ್ಟವನಲ್ಲ. ಅವನು ಹೇಳಿದ್ದರಲ್ಲಿ ಅರ್ಧ ನಿಜವೂ ಇತ್ತು. ಹಾಗೆಂದಿದ್ದರೆ ಮುಖ್ಯಸ್ಥೆ ಕಂಪ್ಯೂಟರ್ ವಿಭಾಗಕ್ಕೆ ಒಂದು ಖಾರದ ಪತ್ರ ಬರೆಯುತ್ತಿದ್ದಳು, ಅವರು ಕ್ಷಮೆ ಕೇಳುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ದೂರಕ್ಕ ಎದ್ದು ನಿಂತಳು. ಆ ಹೆಂಗಸಿನ ಮುಖ ಅವಳಿಗೆ ಕಾಣುತ್ತಿರಲಿಲ್ಲ. ಮುಖವಿರಬೇಕಾದ ಜಾಗದಲ್ಲಿ ಬೂದಿಯ ಬಣ್ಣವಷ್ಟೇ. ಕೈಗಳು ಮಾತ್ರ ನೋಟದ ಅಂಚಿನಲ್ಲಿ ಸ್ಪಷ್ಟವಾಗಿ ಕಂಡವು. ಒಂದು ಕೈ ಇನ್ನೊಂದರ ಮಣಿಕಟ್ಟನ್ನು ಹಿಚುಕುತ್ತಿತ್ತು.

"ನಾನೇ ಕಳಿಸಿದ್ದು. ಬೇರೆ ವಿಳಾಸಕ್ಕೆ ಹೋಯ್ತು. ನನಗೆ ಕಾಣಿಸ್ಲಿಲ್ಲ."

"ಕಾಣಿಸ್ಲಿಲ್ಲ ಅಂದ್ರೆ? ಗಮನಿಸಿಲ್ವಾ?" ಮುಖ್ಯಸ್ಥೆ ಕೇಳಿದಳು.

"ಅಲ್ಲ. ಕಣ್ಣೇ ಕಾಣಲ್ಲ. ನಡುವೆ ಕಾಣಲ್ಲ, ಸುತ್ತ ಕಾಣತ್ತೆ. ಈ ಹೊಸ ಪರದೆ ಬಂದಾಗಿಂದ ನಾನು ಊಹೆ ಮೇಲೆ ಕೆಲಸ ಮಾಡ್ತಾ ಇದೀನಿ."

ಕೆಳಗೆ ಅಂಗಳದಲ್ಲಿ ಬಸ್ಸೊಂದು ಹಿಂದಕ್ಕೆ ಬರುತ್ತ ಪೀಪೀ ಎನ್ನುತ್ತಿತ್ತು. ಮೊದಲು ಬಾಯಿ ಬಿಟ್ಟವಳು ಆಸ್ಪತ್ರೆಯ ಹೆಂಗಸು.

"ಕಾಣ್ದೆ ಇದ್ರೆ ಆ ಕುರ್ಚಿ ಮೇಲೆ ಯಾಕ್ರೀ ಕೂತಿದೀರಿ?"

ಅದರಲ್ಲಿ ಕುಹಕವಿರಲಿಲ್ಲ. ಅದು ನಿಜವಾದ ಪ್ರಶ್ನೆಯಾಗಿತ್ತು. ದೂರಕ್ಕ "ತಪ್ಪಾಯ್ತು" ಎಂದಷ್ಟೇ ಹೇಳಿದಳು. ಆ ಹೆಂಗಸು, ಸರಿ ಎಂದೂ ಅನ್ನದೆ, ಇಲ್ಲ ಎಂದೂ ಅನ್ನದೆ, ಪಾಳಿಗೆ ಹೊತ್ತಾಯಿತೆಂದು ಹೊರಟುಹೋದಳು.

ಮುಖ್ಯಸ್ಥೆ ನಿಯಮದ ಪ್ರಕಾರ ನಡೆದುಕೊಂಡಳು. ದೂರಕ್ಕನಿಗೆ ಲಿಖಿತ ಎಚ್ಚರಿಕೆ ಬಂತು. ಮೇಲ್ ಓದುವ ಕೆಲಸದಿಂದ ತೆಗೆದು ಫೋನ್ ಹತ್ತಿರ ಕೂರಿಸಿದರು. ಚಾಲಕನ ಮೇಲೆ ವಿಚಾರಣೆ ನಡೆದು, ಅವನನ್ನು ಕೆಲಕಾಲ ಕೆಲಸದಿಂದ ದೂರವಿಟ್ಟು, ಆಮೇಲೆ ಬೇರೆ ಮಾರ್ಗಕ್ಕೆ ಹಾಕಿದರು. ಅಷ್ಟರಿಂದ ಬಸ್ಸಿನಲ್ಲಿ ಕೇಳಿದ ನಗು ವಾಪಸು ಹೋಗುವುದಿಲ್ಲ ಎಂಬುದು ದೂರಕ್ಕನಿಗೆ ಗೊತ್ತಿತ್ತು.

ಮನೆಯಲ್ಲಿ ಅವಳು ಕೆಲಸ ಬಿಡುವ ಮಾತೆತ್ತಿದಳು. ಮಾವ ಒಪ್ಪಲಿಲ್ಲ. "ನೀನು ಮಾಡಿದ ತಪ್ಪು ಕಣ್ಣಿಂದಲ್ಲ, ಬಾಯಿಂದ. ಅವನು ಕಾರಣ ಇದ್ಯಾ ಅಂತ ಕೇಳಿದಾಗ್ಲೇ ಹೇಳ್ಬೇಕಿತ್ತು. ಈಗ ಹೇಳಿ ಆಯ್ತಲ್ಲ, ಇನ್ನೇನು? ಹೋಗಿ ಬೀಗ ತೆಗೆಸು."

ಗಂಡ ಎಂದಿನಂತೆ ಸ್ವಲ್ಪ ತಡವಾಗಿ ಬಾಯಿ ಬಿಟ್ಟ. "ಲಿಫ್ಟಲ್ಲೂ ಕುರುಡರಿಗೆ ಗುಂಡಿ ಮೇಲೆ ಚುಕ್ಕೆ ಇರತ್ತೆ. ಹೊಸ ಲಿಫ್ಟ್ ಹಾಕೋವಾಗ ಯಾರಾದ್ರೂ ಕೇಳಿದ್ರೇನೇ ಹಾಕೋದು. ಕೇಳ್ದೆ ಹೋದ್ರೆ ನುಣುಪು ಗುಂಡಿ."

ಮಾರನೇ ದಿನ ದೂರಕ್ಕ ಮುಖ್ಯಸ್ಥೆಯ ಮುಂದೆ ಕೂತು ಬೇಕಾದ್ದನ್ನೆಲ್ಲ ಬಿಡಿಸಿ ಹೇಳಿದಳು. ಹಿನ್ನೆಲೆ ಕಪ್ಪಾಗಬೇಕು, ಅಕ್ಷರ ಹಳದಿಯಾಗಬೇಕು. ವಿಳಾಸವನ್ನು ಬ್ರೌಸರು ತಾನಾಗಿ ತುಂಬಬಾರದು. ಕಳಿಸುವ ಗುಂಡಿ ಒತ್ತಿದ ಮೇಲೂ ಮೇಲ್ ಸ್ವಲ್ಪ ಹೊತ್ತು ಹೊರಗೆ ಹೋಗದೆ ನಿಲ್ಲಬೇಕು, ಬೇಕೆಂದರೆ ತಡೆಯುವ ಹಾಗಿರಬೇಕು. ಮತ್ತು ಪರದೆಯ ಮೇಲಿದ್ದದ್ದನ್ನು ಓದಿ ಹೇಳುವ ಧ್ವನಿ ಬೇಕು.

ಮುಖ್ಯಸ್ಥೆ ಎಲ್ಲವನ್ನೂ ಕೇಳಿಸಿಕೊಂಡಳು. "ಇದನ್ನ ಮೊದಲೇ ಕೇಳಿದ್ರೆ ಮಾಡಿಸ್ತಿದ್ದೆ" ಎಂದಳು.

"ಗೋದಾಮಿಗೆ ಹಾಕ್ತೀರಿ ಅಂದ್ಕೊಂಡೆ."

ಮುಖ್ಯಸ್ಥೆ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದಳು. "ಹಾಕ್ತಿದ್ದೆನೋ ಏನೋ" ಎಂದಳು. ಆ ಪ್ರಾಮಾಣಿಕ ಮಾತಿನಿಂದ ದೂರಕ್ಕನಿಗೆ ಯಾಕೋ ಸಮಾಧಾನವೇ ಆಯಿತು.

ಕಂಪ್ಯೂಟರ್ ವಿಭಾಗದವನು ಖುದ್ದಾಗಿ ಬಂದ. ಒಬ್ಬರಿಗೆ ಬೀಗ ತೆಗೆದರೆ ಎಲ್ಲರೂ ಕೇಳುತ್ತಾರೆ ಎಂದು ಗೊಣಗುತ್ತಲೇ ಶುರುಮಾಡಿದವನು, ಅವಳು ತಲೆ ಓರೆ ಮಾಡಿ ಪರದೆ ನೋಡುವುದನ್ನು ಕಂಡು ಗೊಣಗುವುದನ್ನು ಬಿಟ್ಟ. ಮಧ್ಯಾಹ್ನದ ಊಟಕ್ಕೂ ಏಳದೆ ಎಲ್ಲವನ್ನೂ ಹೊಂದಿಸಿದ. ವಿಚಾರಣೆ ವಿಭಾಗದ ವಿಳಾಸವನ್ನು ಬೇರೆ ಅಕ್ಷರದಿಂದ ಶುರುವಾಗುವಂತೆ ಬದಲಿಸಿದ್ದೂ ಅವನೇ, ಯಾರೂ ಹೇಳದೆ.

ಧ್ವನಿಗೆ ಹೊಂದಿಕೊಳ್ಳುವುದೇ ನಿಜವಾದ ಕಷ್ಟವಾಯಿತು. ಅದು ಏರಿಳಿತವಿಲ್ಲದ ಗಂಡು ಧ್ವನಿ. ಶ್ರದ್ಧಾಂಜಲಿಯನ್ನೂ ಬೈಗುಳವನ್ನೂ ಒಂದೇ ರಾಗದಲ್ಲಿ ಓದುತ್ತಿತ್ತು. ಸಿಟ್ಟಾದ ಪ್ರಯಾಣಿಕರು ಸಾಲುಸಾಲಾಗಿ ಹಾಕಿದ ಚಿಹ್ನೆಗಳನ್ನೂ ಬಿಡದೆ, "ಬಸ್ ಬರಲೇ ಇಲ್ಲ ಆಶ್ಚರ್ಯಸೂಚಕ ಆಶ್ಚರ್ಯಸೂಚಕ ಆಶ್ಚರ್ಯಸೂಚಕ" ಎನ್ನುತ್ತಿತ್ತು. ಅವಳು ಚಿಹ್ನೆ ಓದುವುದನ್ನು ನಿಲ್ಲಿಸಿದಳು. ನಾಲ್ಕು ದಿನದಲ್ಲಿ ಮತ್ತೆ ಹಾಕಿಕೊಂಡಳು. ಅದಿಲ್ಲದೆ ಯಾರಿಗೆ ಎಷ್ಟು ಕೋಪ ಬಂದಿದೆ ಎಂಬುದೇ ತಿಳಿಯುತ್ತಿರಲಿಲ್ಲ. ಮೊದಮೊದಲು ಧ್ವನಿಯ ವೇಗ ತೀರ ನಿಧಾನವಿತ್ತು. ದಿನ ಕಳೆದಂತೆ ಹೆಚ್ಚಿಸುತ್ತ ಹೋದಳು. ಈಗ ಅವಳ ಇಯರ್‌ಫೋನನ್ನು ಬೇರೆ ಯಾರಾದರೂ ಕಿವಿಗಿಟ್ಟರೆ ಜೀರುಂಡೆ ಕೂಗಿದ ಹಾಗೆ ಕೇಳುತ್ತದೆಯೇ ಹೊರತು ಮಾತು ಅನ್ನಿಸುವುದಿಲ್ಲ.

ಅವಳನ್ನು ಮತ್ತೆ ಮೇಲ್ ಕೆಲಸಕ್ಕೆ ತೆಗೆದುಕೊಂಡರು, ನಡತೆಯ ದೂರುಗಳನ್ನು ಮಾತ್ರ ಇನ್ನೊಬ್ಬರು ನೋಡಿದ ಮೇಲೇ ಕಳಿಸಬೇಕೆಂಬ ಷರತ್ತಿನ ಮೇಲೆ. ಆ ಇನ್ನೊಬ್ಬ ಫಾರ್ವರ್ಡಣ್ಣ. ಅವಳಿಗೋಸ್ಕರ ಅವನು ಮೇಲ್‌ಗಳನ್ನು ಕೊನೆಯವರೆಗೆ ಓದಬೇಕಾಗಿ ಬಂತು. ಅವನ ಇಪ್ಪತ್ತು ವರ್ಷದ ನೌಕರಿಯಲ್ಲಿ ಅದು ಹೊಸ ಅನುಭವ. ಕೆಲವು ದಿನದ ಮೇಲೆ ಅವನು ಅತ್ತಿತ್ತ ನೋಡಿ, "ಅಕ್ಕಾ, ನಂದೂ ಅಕ್ಷರ ಒಂಚೂರು ದೊಡ್ಡದು ಮಾಡ್ಕೊಡು. ಒಂಚೂರು ಸಾಕು. ಹಳದಿ ಬೇಡ" ಎಂದ. ಮಾಡಿಕೊಟ್ಟಳು.

ಗೋದಾಮಿನ ಹಿರಿಯ ಚಾಲಕ ಅಷ್ಟರಲ್ಲಿ ನಿವೃತ್ತನಾಗಿದ್ದ. ಅವನ ಮನೆ ವಿಚಾರಿಸಿಕೊಂಡು ಅವಳು ಒಂದು ಭಾನುವಾರ ಮಾವನ ಜೊತೆ ಹೋದಳು. ಮೊಮ್ಮಗಳು ಕೊಡಿಸಿದ ಮೊಬೈಲು ಅವನ ಮೇಜಿನ ಮೇಲೆ ಧೂಳು ಹಿಡಿದು ಬಿದ್ದಿತ್ತು. ಮಾವ ಅದನ್ನು ಎತ್ತಿಕೊಂಡು ಸೆಟ್ಟಿಂಗ್ಸ್ ತೆರೆದು, "ಇದು ಮಾತಾಡತ್ತೆ ಗೊತ್ತಾ?" ಎಂದರು. ಚಾಲಕ ನಂಬಲಿಲ್ಲ. ಮೊಬೈಲು ಸುದ್ದಿಯ ಪುಟವೊಂದನ್ನು ಓದಲು ಶುರುಮಾಡಿದಾಗ ಅವನು ಮುಂದಕ್ಕೆ ಬಾಗಿ, ಕಿವಿ ಕೊಟ್ಟು, "ಇವನ್ಯಾರೋ ನಿದ್ದೆ ಮಾಡ್ತಾ ಓದ್ತಾ ಇದಾನೆ" ಎಂದ. ಆಮೇಲೆ ಬೇರೆ ಧ್ವನಿ ಇದೆಯೇ ಎಂದು ಕೇಳಿದ. ಇತ್ತು. ಸಂಜೆಯವರೆಗೆ ಇದ್ದ ಧ್ವನಿಗಳನ್ನೆಲ್ಲ ಕೇಳಿಸಿ, ಕೊನೆಗೆ ಮೊದಲಿನದನ್ನೇ ಆರಿಸಿಕೊಂಡ.

ಆಸ್ಪತ್ರೆಯ ಹೆಂಗಸು ಮತ್ತೆ ಕಚೇರಿಗೆ ಬರಲಿಲ್ಲ. ಇನ್ನು ದೂರು ಬರೆಯಲಾರಳು ಎಂದೇ ದೂರಕ್ಕ ಅಂದುಕೊಂಡಿದ್ದಳು. ಎಷ್ಟೋ ತಿಂಗಳ ಮೇಲೆ ಅವಳಿಂದ ಒಂದು ಮೇಲ್ ಬಂತು. ಬಸ್ ಈಗ ನಿಲ್ಲುತ್ತದೆ, ಆದರೆ ಸರಿಯಾಗಿ ಕೊಚ್ಚೆ ಗುಂಡಿಯ ಎದುರು ಬಾಗಿಲು ಬರುವ ಹಾಗೆ ನಿಲ್ಲುತ್ತದೆ, ನಾಲ್ಕು ಹೆಜ್ಜೆ ಮುಂದೆ ನಿಲ್ಲಿಸಲು ಹೇಳಿ ಎಂದಿತ್ತು. ಹೆಸರು ಮುಚ್ಚಿಡಿ ಎಂಬ ಮಾತು ಈ ಸಲ ಇರಲಿಲ್ಲ. ದೂರಕ್ಕನ ಹೆಸರನ್ನೂ ಅವಳು ಎತ್ತಿರಲಿಲ್ಲ. ಧ್ವನಿ ಆ ಮೇಲ್ ಅನ್ನು ಒಂದೂ ಆಶ್ಚರ್ಯಸೂಚಕವಿಲ್ಲದೆ ಓದಿ ಮುಗಿಸಿತು.

ದೂರಕ್ಕ ಅದನ್ನು ಮಾರ್ಗ ವಿಭಾಗಕ್ಕೆ ಹಾಕಿದಳು. ವಿಳಾಸವನ್ನು ಅಕ್ಷರ ಅಕ್ಷರವಾಗಿ ಕೇಳಿಸಿಕೊಂಡು ಕಳಿಸಿದಳು. ಆಮೇಲೆ ಇಯರ್‌ಫೋನು ತೆಗೆದಿಟ್ಟು, ಫಾರ್ವರ್ಡಣ್ಣನನ್ನು ಎಬ್ಬಿಸಿಕೊಂಡು ಟೀ ಕುಡಿಯಲು ಕೆಳಗಿಳಿದಳು.